ಕಾರಿನ ಬೆಲೆಯೂ ನಮ್ಮ ದಾಕ್ಷಿಣ್ಯವೂ



ರಾಜ್ಯೋತ್ಸವದ ವೇದಿಕೆಯ ಮೇಲೆ ಪಂಪನನ್ನೋ ಕುಮಾರವ್ಯಾಸನನ್ನೋ ಕುರಿತು ಮಾತನಾಡುವುದು ವಾಡಿಕೆ. ಬ್ಯಾಂಕಿನ ಗುಮಾಸ್ತರಾದ ನಮಗೆ ಕಾರ್ಯದರ್ಶಿಗಳು ವಹಿಸಿರುವುದು ಕಾರು ಕೊಳ್ಳುವ ವಿಷಯ. ಸಾಲದ ಅರ್ಜಿಯೊಡನೆ ಬರುವ ಕೊಟೇಷನ್ನುಗಳನ್ನು ನಾವು ದಿನವೂ ನೋಡುತ್ತೇವೆ. ಒಂದೇ ಕಾರಿಗೆ, ಒಂದೇ ತಿಂಗಳಿನಲ್ಲಿ, ಇಬ್ಬರು ಬೇರೆ ಬೇರೆ ಬೆಲೆ ತೆತ್ತಿರುವುದನ್ನೂ ನೋಡುತ್ತೇವೆ. ಹೆಚ್ಚು ತೆತ್ತವರು ಅನೇಕ ವೇಳೆ ನಮ್ಮ ಕನ್ನಡಿಗರೇ ಎಂಬುದು ನಮಗೆ ನೋವಿನ ಸಂಗತಿ.

ಇದಕ್ಕೆ ಕಾರಣ ಅಜ್ಞಾನವಲ್ಲ, ದಾಕ್ಷಿಣ್ಯ. ಮೈಲಾಪುರದ ಬೀದಿಯಲ್ಲಿ ಒಂದು ಮೊಳ ಮಲ್ಲಿಗೆಗೆ ಐದು ರೂಪಾಯಿ ಇಳಿಸುವವರೆಗೆ ಹೂವಾಡಗಿತ್ತಿಯನ್ನು ಬಿಡದವರು, ಎಂಟು ಲಕ್ಷದ ಕಾರಿನ ಮುಂದೆ ಮೂಕರಾಗುತ್ತಾರೆ. ತಣ್ಣನೆಯ ಷೋರೂಮು, ಮೇಜಿನ ಮೇಲೆ ಕಾಫಿ, ಮಾತುಮಾತಿಗೆ ‘ಸಾರ್’ ಎನ್ನುವ ಹುಡುಗ. ಕಾಫಿ ಕುಡಿದ ಮೇಲೆ ಬೆಲೆ ಇಳಿಸೆಂದು ಹೇಗೆ ಕೇಳುವುದು? ಅಷ್ಟು ತುಟ್ಟಿಯ ಕಾಫಿ ಈ ಊರಿನಲ್ಲಿ ಇನ್ನೆಲ್ಲಿಯೂ ಇಲ್ಲ.

ಈ ದಾಕ್ಷಿಣ್ಯಕ್ಕೆ ಒಂದು ಇತಿಹಾಸವೂ ಉಂಟು. 1959ರಲ್ಲಿ ಕೇಂದ್ರ ಸರ್ಕಾರವು ಕಾರುಗಳ ಹಂಚಿಕೆಗೂ ಮಾರಾಟಕ್ಕೂ ನಿಯಂತ್ರಣದ ಆಜ್ಞೆ ಹೊರಡಿಸಿತು. ಮದರಾಸಿನ ಹೊರವಲಯದ ವಂಡಲೂರಿನಲ್ಲಿ 1961ರಿಂದ ಸ್ಟ್ಯಾಂಡರ್ಡ್ ಹೆರಾಲ್ಡ್ ತಯಾರಾಗುತ್ತಿದ್ದರೂ, ಊರಿನಲ್ಲೇ ಹುಟ್ಟಿದ ಕಾರು ಬೇಕೆಂದವನು ಹೆಸರು ಬರೆಸಿ ಕಾದಿರಬೇಕಾಗಿತ್ತು. ಆಗ ಕೊಳ್ಳುವವನು ಗಿರಾಕಿಯಲ್ಲ, ಅರ್ಜಿದಾರ. ರಾಮಾನುಜಾಚಾರ್ಯರು ಹುಟ್ಟಿದ ಶ್ರೀಪೆರುಂಬುದೂರಿನ ಬಳಿ, ಇರುಂಗಾಟ್ಟುಕೋಟ್ಟೈಯಿಂದ, 1998ರಲ್ಲಿ ಹ್ಯುಂಡೈಯ ಸ್ಯಾಂಟ್ರೋ ಹೊರಬರುವ ಹೊತ್ತಿಗೆ ಕಾಲ ತಿರುಗಿತ್ತು. ಇಂದು ಬಹುಪಾಲು ಕಾರುಗಳ ವಿಷಯದಲ್ಲಿ ಕಾಯುವವನು ಡೀಲರು. ಆದರೂ ಅರ್ಜಿದಾರನ ವಿನಯ ನಮ್ಮ ಮನೆತನಗಳಲ್ಲಿ ಉಳಿದುಬಂದಿದೆ.

‘ಕಡೆಯ ಬೆಲೆ ಎಷ್ಟು?’ ಎಂದು ಮೊದಲೇ ಕೇಳಬಾರದು. ‘ಒಂದೊಂದನ್ನೂ ವಿಂಗಡಿಸಿ ಬರೆದುಕೊಡಪ್ಪ’ ಎನ್ನಬೇಕು. ಒಬ್ಬ ಡೀಲರು ಬರೆದುಕೊಟ್ಟ ಕಾಗದ ಇನ್ನೊಬ್ಬನ ಮೇಜಿನ ಮೇಲೆ ನಮ್ಮ ಪರವಾಗಿ ಮಾತನಾಡುತ್ತದೆ. ದಾಕ್ಷಿಣ್ಯವಂತರಿಗೆ ಇದಕ್ಕಿಂತ ಅನುಕೂಲವಾದ ಉಪಾಯವಿಲ್ಲ. ಆ ಕಾಗದದಲ್ಲಿ ತೆರಿಗೆ ಸರ್ಕಾರದ್ದು, ಅದರಲ್ಲಿ ಚೌಕಾಸಿ ಇಲ್ಲ. ಆದರೆ ತಿಳಿದಿರಬೇಕು: 2023ರ ನವೆಂಬರಿನಲ್ಲಿ ತಮಿಳುನಾಡು ತನ್ನ ಆಜೀವ ತೆರಿಗೆಯನ್ನು ಐದರಿಂದ ಹತ್ತು ಲಕ್ಷದ ಕಾರಿಗೆ ಶೇಕಡ 13, ಹತ್ತರಿಂದ ಇಪ್ಪತ್ತು ಲಕ್ಷದ್ದಕ್ಕೆ ಶೇಕಡ 18 ಎಂದು ಏರಿಸಿತು. ಆ ದರದಲ್ಲಿ ಮಾಳಿಗೆಗೊಂದು ಕಿಟಕಿ ಬೇಕೆಂದು ಹತ್ತು ಲಕ್ಷದ ಗೆರೆ ದಾಟಿದವನು ಕಿಟಕಿಯ ಬೆಲೆಯಲ್ಲದೆ ತೆರಿಗೆಯಲ್ಲೇ ಐವತ್ತು ಸಾವಿರ ಹೆಚ್ಚು ತೆರುತ್ತಾನೆ. ‘ಹ್ಯಾಂಡ್ಲಿಂಗ್ ಚಾರ್ಜು’ ಎಂದು ಬರೆದಿದ್ದರೆ ಅದು ಯಾವ ಸರ್ಕಾರದ ತೆರಿಗೆಯೂ ಅಲ್ಲ, ಹೊಡೆದುಹಾಕಿಸಬಹುದು.

ವಿಮೆಯಲ್ಲಿ ಹಣ ಹೆಚ್ಚಾಗಿ ಸೋರುತ್ತದೆ. 2018ರ ಸೆಪ್ಟೆಂಬರಿನಿಂದ ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ, ಅದರ ದರವೂ ನಿಗದಿಯಾದದ್ದು. ಆದರೆ ಸ್ವಂತ ಕಾರಿನ ಹಾನಿಗೆ ಮಾಡಿಸುವ ವಿಮೆಯನ್ನು ಎಲ್ಲಿ ಬೇಕಾದರೂ ಮಾಡಿಸಬಹುದು. ಹಳೆಯ ಕಾರಿನಲ್ಲಿ ವರ್ಷಗಟ್ಟಲೆ ಕ್ಲೇಮು ಮಾಡದಿದ್ದವರಿಗೆ ಈ ಕಂತಿನಲ್ಲಿ ಶೇಕಡ 50ರವರೆಗೆ ನೋ ಕ್ಲೇಮ್ ಬೋನಸ್ ಉಂಟು. ಅದು ಕಾರಿನದಲ್ಲ, ಒಡೆಯನದು. ಕಾರನ್ನು ಎಕ್ಸ್‌ಚೇಂಜಿಗೆ ಕೊಟ್ಟು, ಬೋನಸ್ಸಿನ ಪತ್ರ ಕೇಳಲು ಮರೆತ ಹಿರಿಯರನ್ನು ನಾವು ಎಷ್ಟೋ ಕಂಡಿದ್ದೇವೆ.

ಇನ್ನು ಕಾಲ. ತಿಂಗಳ ಕೊನೆಯಲ್ಲಿ ಆ ಹುಡುಗನ ಗುರಿ ಮುಟ್ಟಿರುವುದಿಲ್ಲ. ಡಿಸೆಂಬರಿನಲ್ಲಿ ಹಳೆಯ ವರ್ಷದ ಸರಕು ಡೀಲರನ ಅಂಗಳದಲ್ಲಿ ನಿಂತಿರುತ್ತದೆ. ಇವು ಎಲ್ಲರಿಗೂ ತಿಳಿದವು. ಚೆನ್ನೈ ಕನ್ನಡಿಗರಿಗೆ ಮಾತ್ರ ಒದಗುವ ಸಂಧಿಯೊಂದಿದೆ. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ ತಮಿಳರ ಆಡಿ ಮಾಸ. ಅನೇಕರು ಆಗ ವಾಹನ ಕೊಳ್ಳರು, ಷೋರೂಮುಗಳು ಆಡಿ ರಿಯಾಯಿತಿಯ ಹಲಗೆ ತೂಗಿಸುತ್ತವೆ. ಅವರದು ಸೌರಮಾನ, ನಮ್ಮದು ಚಾಂದ್ರಮಾನ. ನಮ್ಮ ಆಷಾಢ ಮುಗಿದು ಶ್ರಾವಣ ಹುಟ್ಟಿದರೂ ಅವರ ಆಡಿ ಮುಗಿದಿರುವುದಿಲ್ಲ. 2025ರಲ್ಲಿ ಶ್ರಾವಣ ಹುಟ್ಟಿದ್ದು ಜುಲೈ 25ಕ್ಕೆ, ಆಡಿ ಮುಗಿದದ್ದು ಆಗಸ್ಟ್ 16ಕ್ಕೆ. ನಡುವೆ ಆಗಸ್ಟ್ 8ರಂದು ವರಮಹಾಲಕ್ಷ್ಮಿ. ಲಕ್ಷ್ಮಿಯ ದಿನವೂ ಆಯಿತು, ಆಡಿಯ ಬೆಲೆಯೂ ಆಯಿತು! (ಅಧಿಕಮಾಸದ ಕೆಲವು ವರ್ಷಗಳಲ್ಲಿ ಈ ಸಂಧಿ ಕಿರಿದಾಗುತ್ತದೆ. ಆಟಿ ಆಚರಿಸುವ ನಮ್ಮ ತುಳುವ ಬಂಧುಗಳಿಗಂತೂ ಈ ಸೌಕರ್ಯವಿಲ್ಲ, ಕ್ಷಮಿಸಬೇಕು.) ಅದೇ ವರ್ಷ ಸೆಪ್ಟೆಂಬರ್ 22ರಂದು ಸಣ್ಣ ಕಾರುಗಳ ಜಿಎಸ್‌ಟಿ ಶೇಕಡ 18ಕ್ಕೆ ಇಳಿದು, ಕಾದವರಿಗೆ ಇನ್ನೂ ಲಾಭವಾಯಿತೆನ್ನಿ. ದೆಹಲಿಯ ತೀರ್ಮಾನ ಪಂಚಾಂಗದಲ್ಲಿ ಇರುವುದಿಲ್ಲ.

ಕೊನೆಗೆ ನಮ್ಮ ಕಸುಬಿನ ಮಾತು. ಬೆಲೆಯಲ್ಲಿ ಮೂವತ್ತು ಸಾವಿರ ಇಳಿಸಿ ಗೆದ್ದೆನೆಂದು ಬರುವವರಿಗೆ ಅಲ್ಲೇ ಯಾರೋ ‘ಬರೀ ಐದು ಪರ್ಸೆಂಟು ಫ್ಲಾಟ್’ ಎಂದು ಸಾಲ ತೋರಿಸಿರುತ್ತಾರೆ. ಅಸಲು ತೀರುತ್ತ ಬಂದರೂ ಫ್ಲಾಟ್ ಲೆಕ್ಕದಲ್ಲಿ ಬಡ್ಡಿ ಪೂರ್ತಿ ಮೊತ್ತಕ್ಕೇ ಬೀಳುತ್ತದೆ. ಎಂಟು ಲಕ್ಷಕ್ಕೆ ಏಳು ವರ್ಷದ ಬಡ್ಡಿ 2,80,000. ಉಳಿದ ಅಸಲಿಗೆ ಮಾತ್ರ ಬಡ್ಡಿ ಹಾಕುವ ಕ್ರಮದಲ್ಲಿ ಶೇಕಡ 9ರ ಸಾಲಕ್ಕೂ ಸುಮಾರು ಅಷ್ಟೇ, 2,81,000. ಹಾಗಾದರೆ ಐದು ಯಾವುದು, ಒಂಬತ್ತು ಯಾವುದು? ಅದೇ ಒಂಬತ್ತರ ಸಾಲವನ್ನು ಐದು ವರ್ಷಕ್ಕೆ ತೆಗೆದುಕೊಂಡರೆ ತಿಂಗಳ ಕಂತು 12,870ರಿಂದ 16,610ಕ್ಕೆ ಏರುತ್ತದೆ, ಆದರೆ ಒಟ್ಟು ಬಡ್ಡಿ 1,96,000ಕ್ಕೆ ಇಳಿಯುತ್ತದೆ. ಉಳಿತಾಯ ಎಂಬತ್ತೈದು ಸಾವಿರ, ಷೋರೂಮಿನಲ್ಲಿ ಗೆದ್ದದ್ದರ ಸುಮಾರು ಮೂರರಷ್ಟು. ಕಂತು ಹೊರಲು ಸಂಬಳ ಸಾಲದಿದ್ದರೆ ಏಳು ವರ್ಷವೇ ಇರಲಿ. ಆದರೆ ರುಜು ಹಾಕುವ ಮುಂಚೆ ಒಮ್ಮೆ ಈ ಲೆಕ್ಕವನ್ನು ಯಾವುದಾದರೂ ಬ್ಯಾಂಕಿನ ಗುಮಾಸ್ತನ ಎದುರು ಇಟ್ಟು ಕೇಳಿ. ಅವನು ಕಾಫಿ ಕೊಡಲಾರ. ದಾಕ್ಷಿಣ್ಯವಿಲ್ಲದೆ ಕೇಳಬಹುದು.