ಕೇಳುವುದನ್ನು ಕಲಿಸಿದವರು
ಸೇವಾಸಂಸ್ಥೆಗಳು ಯಾರಲ್ಲಿ, ಯಾವಾಗ, ಎಷ್ಟು ದೇಣಿಗೆ ಕೇಳಬೇಕೆಂಬುದಕ್ಕೆ ಮಾರ್ಗದರ್ಶನ ನೀಡುವ ವೃತ್ತಿಯೇ ನಿಧಿ ಸಂಗ್ರಹ ಸಲಹೆಗಾರಿಕೆ. ಅಮೆರಿಕದಲ್ಲಿ ಬಹುಕಾಲ ಅನುಭವಿಗಳ ಜೊತೆಗಿದ್ದೇ ಕಲಿಯಬೇಕಾಗಿದ್ದ ಈ ವಿದ್ಯೆಯನ್ನು, ಸ್ವತಃ ಸಲಹೆಗಾರರಾಗಿದ್ದ ಹ್ಯಾಂಕ್ ರೊಸ್ಸೊ ಅವರು 1974ರಲ್ಲಿ ಸಂಗಡಿಗರೊಡನೆ ಕ್ಯಾಲಿಫೋರ್ನಿಯಾದಲ್ಲಿ ಶಾಲೆಯೊಂದನ್ನು ತೆರೆದು ಕ್ರಮಬದ್ಧ ಪಾಠವಾಗಿಸಿದರು. 1987ರಲ್ಲಿ ಆ ಶಾಲೆ ಇಂಡಿಯಾನಾ ವಿಶ್ವವಿದ್ಯಾಲಯವನ್ನು ಸೇರಿತು. ಕೇಳಲು ನಾಚಬೇಕಾಗಿಲ್ಲ, ಕೊಡುವವರಿಗೂ ಅದರಲ್ಲಿ ಸಂತೋಷವಿದೆ ಎಂಬುದು ಅವರ ಬೋಧನೆಯ ತಿರುಳು. ಆದರೂ ತರಗತಿಯಲ್ಲಷ್ಟೇ ದಕ್ಕದ ಒಂದು ಅಂಶವಿದೆ: ಮೊತ್ತವನ್ನು ಹೇಳಿದ ಮೇಲೆ ಮಾತು ನಿಲ್ಲಿಸಿ ದಾನಿಯ ಉತ್ತರಕ್ಕೆ ಕಾಯುವ ಸಂಯಮ. ಆ ಮೌನವನ್ನು ತಾಳಲಾರದೆ ಮೊತ್ತವನ್ನು ತಾವೇ ಇಳಿಸಿಬಿಡುವ ಹೊಸಬರು, ಪಕ್ಕದಲ್ಲಿ ನೆಮ್ಮದಿಯಿಂದ ಕುಳಿತ ಹಿರಿಯರನ್ನು ನೋಡಿಯೇ ಅದನ್ನು ರೂಢಿಸಿಕೊಳ್ಳುತ್ತಾರೆ. ಸಂಸ್ಥೆಯ ಧ್ಯೇಯಕ್ಕೆ ಹೊಂದದ ಹಣವನ್ನು ಬೇಡವೆನ್ನುವ ಧೈರ್ಯವೂ, ಬಹುಶಃ ಅದಕ್ಕಿಂತ ಅಮೂಲ್ಯವಾದದ್ದು, ಅದೇ ಒಡನಾಟದಿಂದ ಬರುತ್ತದೆ.