ಮರವೇರುವವರಿಗೆ ಬೈರಿಗೆಯ ಆಯ್ಕೆ
(ಶ್ರೀಕಾರ್ಯಂನ ಉಚಿತ ವಾಚನಾಲಯದಲ್ಲಿ ಮಾಡಿದ ಭಾಷಣ)



ವಾಚನಾಲಯದಲ್ಲಿ ಕಾವ್ಯ ಪುರಾಣಗಳನ್ನು ಬಿಟ್ಟು ಬಡಗಿಯ ಬೈರಿಗೆಯ ಮಾತೆತ್ತುವುದು ಕೆಲವರಿಗೆ ವಿಚಿತ್ರವಾಗಿ ತೋರಬಹುದು. ಆದರೆ ಓಣಂ ಬೋನಸ್ಸು ಕೈಗೆ ಬಂದೊಡನೆ ನಮ್ಮವರಲ್ಲಿ ಅನೇಕರು ಚಾಲೆಯ ಪೇಟೆಗೆ ಹೋಗಿ ಊರಿಗೆ ಬೇಕಾದ ಕತ್ತಿ, ಗರಗಸ, ಹಗ್ಗಗಳನ್ನು ಕೊಳ್ಳುವುದುಂಟು. ಈ ಸಲ ಮೂವರು ನಮ್ಮನ್ನು ಕೇಳಿದ್ದು ಒಂದೇ ಪ್ರಶ್ನೆ: ಮರಕ್ಕೆ ತೂತು ಕೊರೆದು, ಬೋಲ್ಟು ಸಿಕ್ಕಿಸಿ, ಅದರ ಮೇಲೆ ಕಾಲಿಟ್ಟು ಹತ್ತುವುದಕ್ಕೆ ಯಾವ ಬೈರಿಗೆ ಒಳ್ಳೆಯದು? ಮೂವರೂ ಮಲೆನಾಡಿನ ಕಡೆಯವರು. ಮೂವರ ಮನೆಯಲ್ಲೂ ಹಂದಿಯ ಕಾಟ, ರಾತ್ರಿ ಅಟ್ಟಣೆಯ ಕಾವಲು. ಅವರಲ್ಲೊಬ್ಬರ ಅಣ್ಣನವರು ಮರಕ್ಕೆ ರೀಪು ಹೊಡೆದು ಮೆಟ್ಟಿಲು ಮಾಡಿಕೊಂಡಿದ್ದರು. ಎರಡು ಮಳೆಗಾಲ ಕಳೆಯುವುದರೊಳಗೆ ಮೊಳೆ ತುಕ್ಕು ಹಿಡಿದು, ಒಂದು ರಾತ್ರಿ ರೀಪು ಕಿತ್ತುಬಂದು, ಅವರು ಬಿದ್ದು ಹಿಮ್ಮಡಿಯ ಮೂಳೆ ಮುರಿದುಕೊಂಡರು. ಈಗ ಆ ಮನೆ ಇಲ್ಲಿಂದ ಹೋಗುವ ಹಣದ ಮೇಲೆಯೇ ನಿಂತಿದೆ.

ಹಂದಿಗೂ ಗೆಡ್ಡೆಗೂ ಇರುವ ನಂಟನ್ನು ಶ್ರೀಕಾರ್ಯಂನವರಿಗೆ ಹೇಳಬೇಕಾದದ್ದಿಲ್ಲ. 1963ರಲ್ಲಿ ಸ್ಥಾಪಿತವಾದ ಕೇಂದ್ರೀಯ ಗೆಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆ ಇಲ್ಲಿಯೇ ಇದೆಯಷ್ಟೆ. ಮರಗೆಣಸಿನ ಹೊಲಕ್ಕೆ ಹಂದಿ ನುಗ್ಗಿದರೆ ವರ್ಷದ ಬೆಳೆ ಒಂದೇ ರಾತ್ರಿಯಲ್ಲಿ ಮಣ್ಣುಪಾಲು.

ಮರದಲ್ಲಿ ಗೂಟ ನೆಟ್ಟು ಹತ್ತುವುದು ಬಹು ಹಳೆಯ ಉಪಾಯ. ವಾಲೇಸ್ ಎಂಬ ಆಂಗ್ಲ ಪ್ರಕೃತಿವಿಜ್ಞಾನಿ 1854ರಿಂದ 1856ರವರೆಗೆ ಬೋರ್ನಿಯೋ ದ್ವೀಪದ ಸರವಾಕದಲ್ಲಿದ್ದಾಗ ತಾನು ಹೊಡೆದ ಒರಾಂಗುಟಾನ್ ಮರದ ತುದಿಯಲ್ಲೇ ಸಿಕ್ಕಿಕೊಂಡಿತಂತೆ. ಆಗ ಜೊತೆಯಲ್ಲಿದ್ದ ಡಯಾಕ್ ಜನರು ಬಿದಿರಿನ ಗೂಟಗಳನ್ನು ಚೂಪು ಮಾಡಿ, ಮರದ ಕೊಡತಿಯಿಂದ ಕಾಂಡಕ್ಕೆ ಬಡಿದು, ಆ ಗೂಟಗಳ ಹೊರತುದಿಗಳನ್ನು ನೆಟ್ಟಗೆ ನಿಲ್ಲಿಸಿದ ಬಿದಿರಿಗೆ ಕಟ್ಟುತ್ತ ಮೇಲೇರಿದರು. 1869ರಲ್ಲಿ ಅಚ್ಚಾದ ತಮ್ಮ ಪುಸ್ತಕದಲ್ಲಿ ವಾಲೇಸರು ಇದನ್ನು ಬಹಳವಾಗಿ ಮೆಚ್ಚಿದ್ದಾರೆ. ಇದರಲ್ಲಿ ಮರ್ಮವೇನೆಂದರೆ, ಏರುವವನ ಭಾರ ಒಂದೇ ಗೂಟದ ಮೇಲೆ ಬೀಳದೆ, ಕಟ್ಟಿದ ಬಿದಿರಿನ ಮೂಲಕ ಹಲವು ಗೂಟಗಳಿಗೆ ಹಂಚಿಹೋಗುತ್ತದೆ. ನಮ್ಮ ಬೋಲ್ಟಿಗೆ ಅಂತಹ ನೆರವಿಲ್ಲ. ಒಂದೊಂದೂ ಒಂಟಿಯಾಗಿ ಮನುಷ್ಯನನ್ನು ಹೊರಬೇಕು. ಆದ್ದರಿಂದ ಮೊದಲು ಬೋಲ್ಟನ್ನು ಗೊತ್ತುಮಾಡಿಕೊಂಡು ಆಮೇಲೆ ಬೈರಿಗೆಯನ್ನು ಹುಡುಕಬೇಕು. ಕೇಳಿದವರೆಲ್ಲ ಬೈರಿಗೆಯನ್ನೇ ಮೊದಲು ಕೇಳಿದರು.

ಗುಮಾಸ್ತೆಯವರ ಸಭೆಯಾದುದರಿಂದ ಸ್ವಲ್ಪ ಲೆಕ್ಕ ಮಾಡೋಣ. 70 ಕಿಲೋ ತೂಕದವನು ಕಾಂಡದಿಂದ 7 ಸೆಂಟಿಮೀಟರ್ ಆಚೆ ಕಾಲಿಟ್ಟನೆನ್ನಿ. 12 ಮಿಲಿಮೀಟರ್ ದಪ್ಪದ ಬೋಲ್ಟಿನ ಬುಡದಲ್ಲಿ ಚದರ ಮಿಲಿಮೀಟರಿಗೆ ಸುಮಾರು 29 ಕಿಲೋ ಒತ್ತಡ ಬೀಳುತ್ತದೆ. ತಲೆಯ ಮೇಲೆ 4.6 ಎಂದು ಗುರುತಿರುವ ಮೆದು ಉಕ್ಕಿನ ಬೋಲ್ಟು ಸುಮಾರು 24 ಕಿಲೋಗೇ ಬಾಗಲು ಆರಂಭಿಸುತ್ತದೆ. 8.8 ಎಂದು ಗುರುತಿರುವುದು ಸುಮಾರು 65 ಕಿಲೋವರೆಗೆ ತಡೆಯುತ್ತದೆ. ದಪ್ಪವನ್ನು 10 ಮಿಲಿಮೀಟರಿಗೆ ಇಳಿಸಿದರೆ ಒತ್ತಡ 50 ಕಿಲೋ ಆಗುತ್ತದೆ. ಕಾಲು ಜಾರಿ ಧೊಪ್ಪನೆ ಭಾರ ಬಿದ್ದರೆ ಅಲ್ಲಿ ಉಳಿಗಾಲವಿಲ್ಲ. ದಪ್ಪದಲ್ಲಿ ಎರಡೇ ಮಿಲಿಮೀಟರ್ ವ್ಯತ್ಯಾಸ, ಬಲದಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲಿನ ವ್ಯತ್ಯಾಸ! ಹಾಗಾಗಿ 12 ಮಿಲಿಮೀಟರಿಗೆ ಕಡಿಮೆ ಕೂಡದು, 8.8ರ ಗುರುತಿಲ್ಲದ್ದು ಬೇಡ. ಇನ್ನೊಂದು ಮಾತು: ಮರೆ ಕೊರೆದ ಭಾಗದಲ್ಲಿ ಬೋಲ್ಟಿನ ತಿರುಳು ಸುಮಾರು 10 ಮಿಲಿಮೀಟರೇ ಉಳಿಯುತ್ತದೆ. ತೂತಿನ ಬಾಯಿಯ ಬಳಿ ಬೋಲ್ಟಿನ ನುಣುಪಾದ ಭಾಗವೇ ಇರುವಂತೆ ನೋಡಿಕೊಳ್ಳಬೇಕು.

ಈಗ ಬೈರಿಗೆಗೆ ಬರೋಣ. ನಮ್ಮ ಬಡಗಿಗಳ ಬಿಲ್ಲುಬೈರಿಗೆ ಬೆಂಚಿನ ಮೇಲೆ ಸೊಗಸು, ಮರದ ಮೇಲೆ ನಿರುಪಯೋಗಿ. ಹಲ್ಲುಚಕ್ರದ ಕೈಡ್ರಿಲ್ಲು ನೋಡಲು ಚೆನ್ನ, ಬೆಲೆಯೂ ಹಗುರ. ಆದರೆ ಅದು ಸಣ್ಣ ತೂತಿನ ಸಾಧನ, ಹಸಿಮರದಲ್ಲಿ 12 ಮಿಲಿಮೀಟರ್ ಕೊರೆಯಹೋದರೆ ಅರ್ಧದಲ್ಲೇ ಸಿಕ್ಕಿಕೊಂಡು ನಿಲ್ಲುತ್ತದೆ. ಉಳಿಯುವುದು ಎರಡು. ಒಂದು, ಅಡ್ಡಹಿಡಿಯ ಬೈರಿಗೆ: ಉದ್ದನೆಯ ತಿರುಪು ಕಡ್ಡಿಯ ತಲೆಯಲ್ಲಿ ಅಡ್ಡಲಾಗಿ ಮರದ ಹಿಡಿ. ಕೆಡುವ ಭಾಗವೇ ಇಲ್ಲ, ಚೀಲದಲ್ಲಿ ಹಿಡಿಸುತ್ತದೆ. ಆದರೆ ಪ್ರತಿ ಅರ್ಧ ಸುತ್ತಿಗೂ ಕೈ ಬದಲಾಯಿಸಬೇಕು. ಇನ್ನೊಂದು, ಬಾಗಿದ ಹಿಡಿಯ ಬ್ರೇಸು. ಅದರ ತಲೆಯನ್ನು ಎದೆಗೊತ್ತಿ ಕೈಯಿಂದ ಸುತ್ತಬಹುದು. ಹಿಡಿಯ ಸುತ್ತಿನ ವ್ಯಾಸ 10 ಅಂಗುಲವಿದ್ದರೆ ಬಲ ಸಾಕಾಗುತ್ತದೆ. ಕೊಂಬೆ ಅಡ್ಡಬಂದು ಪೂರ್ತಿ ಸುತ್ತಲಾಗದ ಕಡೆ ಕೆಲಸಕ್ಕೆ ಬರುವುದು ರ್‍ಯಾಚೆಟ್. ಅದಿಲ್ಲದ ಬ್ರೇಸನ್ನು ಇದಕ್ಕಾಗಿ ಕೊಳ್ಳಬೇಡಿ. ಕಾವಲಿನ ಮರ ಒಂದೇ ಆದರೆ ನಮ್ಮ ಮತ ಬ್ರೇಸಿಗೆ. ಮರದಿಂದ ಮರಕ್ಕೆ ಹೊತ್ತು ತಿರುಗುವವರಿಗೆ ಅಡ್ಡಹಿಡಿಯದೇ ವಾಸಿ. ಬ್ಯಾಟರಿ ಡ್ರಿಲ್ಲು ಏಕಾಗದು ಎಂದು ತರುಣರು ಕೇಳಿದರು. ಅದು ಸಿಕ್ಕಿಕೊಂಡಾಗ ಮಣಿಕಟ್ಟನ್ನು ತಿರುಚಿಬಿಡುತ್ತದೆ, ನೆಲದ ಮೇಲೆ ಅದು ಬರೀ ನೋವು, 15 ಅಡಿಯ ಮೇಲೆ ಅದೇ ಬೀಳುವ ಕಾರಣ. ಕೈಬೈರಿಗೆ ನಾವು ನಿಲ್ಲಿಸಿದರೆ ನಿಲ್ಲುತ್ತದೆ.

ಬೈರಿಗೆಗಿಂತ ಅದರ ಅಲಗಿನಲ್ಲಿ ಹೆಚ್ಚು ಮೋಸವಿದೆ. ತುದಿಯಲ್ಲಿ ಸಣ್ಣ ತಿರುಪು ಇರಲೇಬೇಕು. ಅದು ಅಲಗನ್ನು ತಾನೇ ಒಳಕ್ಕೆ ಎಳೆದುಕೊಳ್ಳುತ್ತದೆ, ನಾವು ಒತ್ತುವ ಶ್ರಮ ಉಳಿಯುತ್ತದೆ. ಆ ತಿರುಪಿನ ಮರೆ ಒರಟಾಗಿರಲಿ. ನವುರಾದದ್ದು ಒಣಮರಕ್ಕೆ, ಹಸಿಯಲ್ಲಿ ಅದರ ಸಂದುಗಳು ತುಂಬಿ ಹಿಡಿತ ತಪ್ಪುತ್ತದೆ. ಹಸಿಮರದ ಹೊಟ್ಟು ಒದ್ದೆಯಾಗಿ ಅಂಟುವುದರಿಂದ ನಡುವೆ ಗಟ್ಟಿ ಕಂಬಿಯಿದ್ದು ಸುತ್ತಲೂ ಅಗಲವಾದ ಕಾಲುವೆಯಿರುವ ಅಲಗನ್ನೇ ಆರಿಸಿರಿ. ಒಂದೊಂದು ಅಂಗುಲ ಕೊರೆದಂತೆ ಹೊರಗೆಳೆದು ಹೊಟ್ಟು ಕೊಡವಿರಿ. ತೂತು ಮೂರು ಅಂಗುಲ ಆಳ, ಒಳಕ್ಕೆ ಹೋದಂತೆ ತುಸು ಕೆಳಕ್ಕೆ ಓರೆ. ಆಗ ಬೋಲ್ಟಿನ ತಲೆ ಮೇಲೆದ್ದು ಕಾಲು ಹೊರಕ್ಕೆ ಜಾರದು. ಒಂದೂವರೆ ಅಡಿಗೊಂದರಂತೆ 18 ಅಡಿಗೆ 12 ತೂತು. ಕೊರೆಯುವಾಗ ಎರಡೂ ಕೈ ಬೇಕಾದುದರಿಂದ, ವಿದ್ಯುತ್ ಕಂಬ ಹತ್ತುವವರಂತೆ ಸೊಂಟಪಟ್ಟಿಯನ್ನು ಕಾಂಡಕ್ಕೆ ಸುತ್ತಿ ಕಟ್ಟಿಕೊಳ್ಳದೆ ಮೊದಲ ಬೋಲ್ಟಿನ ಮೇಲೂ ನಿಲ್ಲಕೂಡದು. ಪಟ್ಟಿಗೆ ಹಣ ಸಾಲದಿದ್ದರೆ ಬೈರಿಗೆಯನ್ನು ಮುಂದಿನ ವರ್ಷಕ್ಕೆ ಬಿಡಿ.

ತೆಂಗು, ಅಡಕೆ, ಬೈನೆಗಳಿಗೆ ಬೈರಿಗೆ ಮುಟ್ಟಿಸಬೇಡಿ. ಮಾವು ಹಲಸುಗಳಂತೆ ಗಾಯದ ಮೇಲೆ ಹೊಸ ಮರ ಬೆಳೆಸುವ ಪದರ ಅವುಗಳಿಗಿಲ್ಲ. ತೂತು ಕೊನೆಯವರೆಗೂ ತೂತೇ. ಬಡಿದರೆ ಟೊಳ್ಳು ಸದ್ದು ಬರುವ ಮರವೂ ಬೇಡ. ಇಳಿಯುವಾಗ ಬೋಲ್ಟುಗಳನ್ನು ಕಿತ್ತುಕೊಂಡೇ ಇಳಿಯಬೇಕು, ಇಲ್ಲವಾದರೆ ಮರ ಅವನ್ನು ನುಂಗಿ ಮುಂದೊಂದು ದಿನ ಗರಗಸದ ಗಿರಣಿಯವನ ಅಲಗು ಮುರಿದೀತು.

ಕಾನೂನಿನ ಮಾತನ್ನೂ ಹೇಳಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಹಿಂದಿನ ಶಿಕಾರಿಯ ಕಾಲ ಮುಗಿಯಿತು. ಕೇರಳದಲ್ಲಿ 2022ರ ಮೇ ತಿಂಗಳ ಆದೇಶದಂತೆ, ಬೆಳೆ ಹಾಳುಮಾಡುವ ಹಂದಿಯನ್ನು ಪರವಾನಗಿಯ ಕೋವಿಯಿರುವವರಿಂದ ಹೊಡೆಸಲು ಸ್ಥಳೀಯ ಸಂಸ್ಥೆಗಳ ಮುಖ್ಯಸ್ಥರಿಗೆ ಅಧಿಕಾರ ದೊರೆಯಿತು. ಆ ಆದೇಶ ತಲಪಾಡಿಯಿಂದಾಚೆಗೆ ನಡೆಯುವುದಿಲ್ಲ; ಇಲ್ಲಿ ಕೇಳಿದ್ದನ್ನು ನಂಬಿ ಊರಿನಲ್ಲಿ ಕೋವಿ ಎತ್ತಿದವರು ಕೋರ್ಟು ಅಲೆಯಬೇಕಾದೀತು. ಕರ್ನಾಟಕದ 1963ರ, ಕೇರಳದ 1961ರ ಅರಣ್ಯ ಕಾಯಿದೆಗಳ ಮೇರೆಗೆ ಕಾದಿಟ್ಟ ಅರಣ್ಯದ ಮರಕ್ಕೆ ಹಾನಿಮಾಡುವುದೂ ಅಪರಾಧವೇ. ನಿಮ್ಮ ಹಿತ್ತಲಿನ ಹಲಸು ನಿಮ್ಮದು. ಬೇಲಿಯಾಚೆಯ ಮತ್ತಿಮರ ನಿಮ್ಮದಲ್ಲ.

ನಾವು ಒಂದು ಹಳೆಯ ಬ್ರೇಸು, ಎರಡು ಬಗೆಯ ಅಲಗು, ಹಾಗೂ ಹಸಿ ಹಲಸಿನ ಕೊರಡೊಂದನ್ನು ತಂದು ಜಗುಲಿಯಲ್ಲಿ ಇಟ್ಟಿದ್ದೇವೆ. ಹಣ ಕೊಟ್ಟು ಕೊಳ್ಳುವ ಮೊದಲು ಭಾನುವಾರ ಬೆಳಿಗ್ಗೆ ಬಂದು ತಾವೇ ಒಂದೆರಡು ತೂತು ಕೊರೆದು ನೋಡಬಹುದು. ಹೊಟ್ಟನ್ನು ಗುಡಿಸಿ ಹೋಗಬೇಕೆಂದು ವಿನಂತಿ. ಪತ್ರಿಕೆಗಳ ಮೇಜು ಅಲ್ಲಿಯೇ ಇದೆ.