25,000 ಜನ ನಿಂತೇ ನೋಡುವ ಮ್ಯಾಚ್

ಈ ವಾರ ಇನ್‌ಬಾಕ್ಸ್ ತೆಗೆದರೆ ಮೂರು ಜನರಿಂದ ಒಂದೇ ಪ್ರಶ್ನೆ. ಮಾಸ್ಟರ್ಸ್ ಮಾಡೋಕೆ ಜರ್ಮನಿಗೆ ಹೊರಟಿದೀವಿ, ಸ್ಟೂಡೆಂಟ್ ಬಜೆಟ್‌ನಲ್ಲಿ ಒಂದು ಬುಂಡೆಸ್‌ಲೀಗಾ ಮ್ಯಾಚ್ ನೋಡೋಕೆ ಆಗುತ್ತಾ?

ಆಗುತ್ತೆ. ನಾನು ಅಲ್ಲಿ ಓದ್ತಿದ್ದಾಗ ಡಾರ್ಟ್ಮುಂಡ್‌ನಲ್ಲಿ ಸೌತ್ ಸ್ಟ್ಯಾಂಡ್‌ನಲ್ಲಿ ನಿಂತು ನೋಡಿದ್ದೆ. ಟಿಕೆಟ್ 20 ಯೂರೋ ಆಸುಪಾಸು. ಅದೇ ಟಿಕೆಟ್ ಇಟ್ಕೊಂಡು ಆ ಭಾಗದ ಬಸ್, ಟ್ರಾಮ್, ಲೋಕಲ್ ಟ್ರೇನ್‌ನಲ್ಲಿ ಓಡಾಡಬಹುದಿತ್ತು.

ಸ್ಟೇಡಿಯಂ ಹಿಡಿಯೋದು 81,365 ಜನರನ್ನ. ಅದರಲ್ಲಿ ಸುಮಾರು 25,000 ಜನ ಒಂದೇ ಸ್ಟ್ಯಾಂಡ್‌ನಲ್ಲಿ, ಎಲ್ಲರೂ ನಿಂತೇ. ಹಳದಿ ಗೋಡೆ ಅಂತ ಕರೀತಾರೆ. ಸೀಟ್ ಅನ್ನೋದೇ ಇಲ್ಲ, ಬ್ಲಾಕ್ ನಂಬರ್ ಅಷ್ಟೆ. ಬೇಗ ಹೋದವರಿಗೆ ಒರಗಿಕೊಳ್ಳೋಕೆ ಕಬ್ಬಿಣದ ಕಂಬಿ ಸಿಗುತ್ತೆ. ನಾನು ಲೇಟು, ಮುಂದೆ ಆರಡಿ ಎತ್ತರದ ಇಬ್ಬರು. ಪಕ್ಕದಲ್ಲಿದ್ದ ಅಜ್ಜ ಒಬ್ಬರು ನನ್ನ ಜಾಕೆಟ್ ಹಿಡಿದು ಎಳೆದು, ಅವರ ಕಂಬಿ ಪಕ್ಕ ನಿಲ್ಲಿಸಿಕೊಂಡರು. ಮಾತಿಲ್ಲ, ಕತೆಯಿಲ್ಲ. ಬಸ್ಸಲ್ಲಿ ಸ್ವಲ್ಪ ಸರಿದು ಜಾಗ ಕೊಡ್ತಾರಲ್ಲ, ಹಾಗೆ.

ಗೋಲ್ ಆದಾಗ ಅನೌನ್ಸರ್ ಆಟಗಾರನ ಮೊದಲ ಹೆಸರು ಮಾತ್ರ ಕೂಗ್ತಾನೆ. ಎರಡನೇ ಹೆಸರು ಜನರದ್ದು. ಆಮೇಲೆ ಸ್ಕೋರ್: ನಮ್ಮ ಟೀಮಿನ ಗೋಲ್ ಅವನು ಹೇಳ್ತಾನೆ, ಎದುರಾಳಿ ಟೀಮಿನದ್ದಕ್ಕೆ ಜನ 'ನುಲ್' ಅಂತಾರೆ, ಅಂದ್ರೆ ಸೊನ್ನೆ. ಅವನು 'ಡಾಂಕೆ', ಜನ 'ಬಿಟ್ಟೆ'. ಥ್ಯಾಂಕ್ಸ್ ಹೇಳಿದ್ದಕ್ಕೆ ಪರವಾಗಿಲ್ಲ ಅಂತ ಸಾವಿರಾರು ಜನ ಒಟ್ಟಿಗೆ ಹೇಳೋದನ್ನ ಒಮ್ಮೆ ಕೇಳಬೇಕು ನೀವು. ಟಿವಿಯಲ್ಲಿ ಇದ್ಯಾವುದೂ ಗೊತ್ತಾಗಲ್ಲ.

ಸರಿ, ಬಿಕಾಂ ಓದಿದವನ ತಲೆಗೆ ಬರೋ ಪ್ರಶ್ನೆ ಬೇರೆ. ಇಷ್ಟು ಡಿಮ್ಯಾಂಡ್ ಇದ್ದೂ ರೇಟ್ ಯಾಕೆ ಏರಿಸಲ್ಲ? ಒಂದು ದೊಡ್ಡ ಕಾರಣ '50+1' ನಿಯಮ. 1998ರಿಂದ ಜರ್ಮನ್ ಕ್ಲಬ್‌ಗಳು ಕಂಪನಿ ಆಗಬಹುದು, ಆದರೆ ವೋಟಿನಲ್ಲಿ ಬಹುಮತ ಸದಸ್ಯರ ಸಂಘದ ಕೈಯಲ್ಲೇ ಇರಬೇಕು. ಲೆವರ್‌ಕೂಸನ್, ವೋಲ್ಫ್ಸ್‌ಬುರ್ಗ್ ಥರ ಕೆಲವಕ್ಕೆ ವಿನಾಯಿತಿ ಇದೆ. ಡಾರ್ಟ್ಮುಂಡ್ 2000ದಲ್ಲೇ ಷೇರು ಮಾರುಕಟ್ಟೆಗೆ ಬಂತು, ಆದರೂ ಹಿಡಿತ ಸಂಘದ್ದೇ. ಸದಸ್ಯರು ಅಂದಮಾತ್ರಕ್ಕೆ ಎಲ್ಲ ಸರಿಯಾಗಿ ನಡೆಯುತ್ತೆ ಅಂತಲ್ಲ. ಸಿಕ್ಕಾಪಟ್ಟೆ ಖರ್ಚು ಮಾಡಿ ಇದೇ ಕ್ಲಬ್ 2005ರಲ್ಲಿ ದಿವಾಳಿ ಅಂಚಿಗೆ ಹೋಗಿತ್ತು.

ಆದರೆ ಜನರಿಗೆ ದನಿ ಇದೆ. 2023ರ ಡಿಸೆಂಬರ್‌ನಲ್ಲಿ ಲೀಗ್‌ನವರು ಟಿವಿ ಹಕ್ಕಿನ ಆದಾಯದಲ್ಲಿ ಪಾಲನ್ನ ಹೂಡಿಕೆದಾರರಿಗೆ ಕೊಡೋಕೆ ಹೊರಟರು, 20 ವರ್ಷಕ್ಕೆ, ಹೆಚ್ಚುಕಡಿಮೆ 100 ಕೋಟಿ ಯೂರೋಗೆ. 36 ಕ್ಲಬ್‌ಗಳಲ್ಲಿ 24 ಒಪ್ಪಿದ್ದವು. ಅಭಿಮಾನಿಗಳು ಮೈದಾನಕ್ಕೆ ಟೆನಿಸ್ ಬಾಲ್, ಚಾಕೊಲೇಟ್ ನಾಣ್ಯ ಎಸೆದು ಮ್ಯಾಚ್ ಮೇಲೆ ಮ್ಯಾಚ್ ನಿಲ್ಲಿಸಿದರು. 2024ರ ಫೆಬ್ರವರಿ 21ಕ್ಕೆ ಲೀಗ್ ಆ ಯೋಜನೆಯನ್ನೇ ಕೈಬಿಟ್ಟಿತು.

ಈಗ ನಮ್ಮ ಕಡೆ ಬನ್ನಿ. 2025ರಲ್ಲಿ ಐಎಸ್ಎಲ್ ನಡೆಸೋ ಕಂಪನಿಗೂ ಫೆಡರೇಶನ್‌ಗೂ ಇದ್ದ ಒಪ್ಪಂದ ಮುಗಿಯೋಕೆ ಬಂದು, ನವೀಕರಣ ಆಗದೆ, ಸೀಸನ್ನೇ ತೂಗಾಡ್ತಿತ್ತು. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ಆಟಗಾರರ, ಸಿಬ್ಬಂದಿಯ ಸಂಬಳವನ್ನೇ ತಡೆಹಿಡಿಯಿತು. ಕಂಠೀರವದಲ್ಲಿ ವೆಸ್ಟ್ ಬ್ಲಾಕ್ ಬ್ಲೂಸ್ ಹುಡುಗರು ವರ್ಷಗಟ್ಟಲೆ ಗಂಟಲು ಹರಿಯೋ ಹಾಗೆ ಕೂಗಿದಾರೆ. ಈ ತೀರ್ಮಾನದಲ್ಲಿ ಅವರದ್ದು ಒಂದು ವೋಟೂ ಇರಲಿಲ್ಲ. ನಾವು ಬರೀ ಗಿರಾಕಿಗಳು. ಸಂಘದ ಸದಸ್ಯತ್ವ ಅನ್ನೋದು ನಮಗೆ ಹೊಸದೇನಲ್ಲ, ಹಳ್ಳಿ ಹಾಲಿನ ಡೇರಿಯಲ್ಲೇ ಸದಸ್ಯರು ಓಟು ಹಾಕ್ತಾರೆ. ಫುಟ್‌ಬಾಲ್ ಕ್ಲಬ್‌ಗೆ ಯಾಕಾಗಬಾರದು?

ಹೋಗೋ ಮೂವರಿಗೂ: ಟಿಕೆಟ್ ಬೇಕಿದ್ರೆ ಕ್ಲಬ್ ಸದಸ್ಯತ್ವ ಮಾಡಿಸಿ, ಮಾರಾಟದಲ್ಲಿ ಮೊದಲ ಅವಕಾಶ ಅವರಿಗೇ. ಡಾರ್ಟ್ಮುಂಡ್ ಸಿಗಲಿಲ್ಲ ಅಂದ್ರೆ ಪಕ್ಕದಲ್ಲೇ ಬೋಖುಮ್ ಇದೆ, ಶಾಲ್ಕೆ ಇದೆ. ಶಾಲ್ಕೆಗೆ ಹೋಗೋವಾಗ ಮಾತ್ರ ಹಳದಿ ಶಾಲು ರೂಮಲ್ಲೇ ಬಿಟ್ಟು ಹೋಗಿ.